ಟಣ್ ಅನ್ನುವ ಹಲ್ಲು

ನಮ್ಮ ಊರಿನಲ್ಲಿ ಹಲ್ಲು ಅಲುಗಾಡುವವರ ಮಾತಿಗೆ ಬೆಲೆಯಿಲ್ಲ. ಇದು ಬೈಗುಳವಲ್ಲ, ಕಾನೂನು. ಚಾವಡಿಗೆ ಜಗಳ ಬಂತೆಂದರೆ ಮೊದಲು ಸಾಕ್ಷಿಯ ಬಾಯಿ ತೆರೆಸುತ್ತಾರೆ, ಮುಂದಿನ ಹಲ್ಲನ್ನು ಹಿಡಿದು ನೋಡುತ್ತಾರೆ, ಆಮೇಲೆ ಅವನು ಕಂಡದ್ದೇನು ಎಂದು ಕೇಳುತ್ತಾರೆ. ಹಲ್ಲು ಅಲುಗಿದರೆ ಅವನು ಏನನ್ನೂ ಕಂಡಿಲ್ಲ. ಹಾಲುಹಲ್ಲು ಬೀಳುವ ವಯಸ್ಸಿನ ಮಕ್ಕಳು "ಮೇಷ್ಟ್ರು ಹೊಡೆದ್ರು" ಎಂದು ಅತ್ತುಕೊಂಡು ಬಂದರೆ ತಾಯಂದಿರು, "ಹೊಸ ಹಲ್ಲು ಬರ್ಲಿ, ಆಮೇಲೆ ಹೇಳು" ಎಂದು ಮೂಗು ಒರೆಸಿ ಕಳಿಸುತ್ತಾರೆ. ಬಸುರಿಯರ ಒಸಡು ಊದಿ ಹಲ್ಲು ಸಡಿಲವಾಗುವುದುಂಟು. ಹಾಗಾಗಿ ಹೆರಿಗೆಯ ವಿಷಯ ಬಂದಾಗ ಬಸುರಿಯೊಬ್ಬಳನ್ನು ಬಿಟ್ಟು ಉಳಿದ ಎಲ್ಲರೂ ಮಾತಾಡುತ್ತಾರೆ. ಮುದುಕರಂತೂ ಜಗಲಿಯ ಮೇಲೆ ಕೂತು, ಹೋಗಿಬರುವವರನ್ನು ನೋಡಿ ತಲೆಯಾಡಿಸುತ್ತಾರೆ. ತಲೆ ಆಡಿಸುವುದಕ್ಕೆ ಅಡ್ಡಿಯಿಲ್ಲ.

ಹೀಗಾಗಿ ಊರನ್ನು ಆಳುವವರು ನಡುವಯಸ್ಸಿನ ಗಂಡಸರು. ಅವರ ಹಲ್ಲು ಗಟ್ಟಿಯಾಗಿರುವುದಕ್ಕೆ ಕಾರಣ, ಅವರು ಯಾವತ್ತೂ ಏನನ್ನೂ ಕಚ್ಚಿದವರಲ್ಲ. ಗಂಜಿ, ಮಜ್ಜಿಗೆಯನ್ನ, ಕಿವುಚಿದ ಬಾಳೆಹಣ್ಣು, ಇದರಲ್ಲೇ ಜೀವನ. ನನ್ನದು ಗಿರಣಿ. ಯಾರ ಮನೆಯಿಂದ "ಹಿಟ್ಟು ಇನ್ನೊಂದ್ಸಲ ಹಾಕ್ಕೊಡಿ, ನುಣ್ಣಗಾಗ್ಲಿ" ಎಂದು ಬರುತ್ತದೋ, ಆ ಮನೆಯಲ್ಲಿ ಯಾರಿಗೋ ಚಾವಡಿಯ ಆಸೆ ಹುಟ್ಟಿದೆ ಎಂದು ನಾನು ಕೂತಲ್ಲೇ ಹೇಳಬಲ್ಲೆ.

ಇದಕ್ಕೆ ಒಬ್ಬರೇ ಹೊರತು. ನಮ್ಮ ಬೀದಿಯ ಮುರುಗೇಂದ್ರಪ್ಪನವರು, ಚಾವಡಿಯ ಅಧ್ಯಕ್ಷರು. ಅವರಿಗೆ ಅಗಿಯುವುದೆಂದರೆ ಪ್ರಾಣ. ಹೆಂಡತಿ ಸರ್ವಮಂಗಳಕ್ಕ ಸುಡುವ ಖಡಕ್ ರೊಟ್ಟಿಯನ್ನು ಅವರು ಮುರಿಯುವ ಸದ್ದು ನನ್ನ ಗಿರಣಿಯ ಬೆಲ್ಟಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಚುನಾವಣೆ ಬಂದಾಗ ಉಳಿದವರು ಭಾಷಣ ಮಾಡುತ್ತಿದ್ದರು. ಇವರು ವೇದಿಕೆ ಹತ್ತಿ, ಒಂದು ಕಬ್ಬನ್ನು ಬುಡದಿಂದ ತುದಿಯವರೆಗೆ ಹಲ್ಲಿನಿಂದಲೇ ಸಿಗಿದು, ಸಿಪ್ಪೆಯನ್ನು ಜನರ ಕಡೆಗೆ ಉಗಿದು, ಕೈಮುಗಿದು ಇಳಿಯುತ್ತಿದ್ದರು. ಪ್ರತಿಸಲವೂ ಅವರೇ ಗೆಲ್ಲುತ್ತಿದ್ದರು. ಚರಂಡಿ, ಕೊಳಾಯಿ, ದಾರಿದೀಪ ಯಾವುದರ ಬಗ್ಗೆಯೂ ಅವರನ್ನು ಯಾರೂ ಕೇಳಿದ್ದಿಲ್ಲ. ಅಂಥ ಹಲ್ಲಿರುವವರನ್ನು ಏನೆಂದು ಕೇಳುವುದು?

ಒಂದು ಬೆಳಿಗ್ಗೆ ಆ ಮುರುಗೇಂದ್ರಪ್ಪನವರು ರೊಟ್ಟಿ ಮುರಿಯುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಮೇಲಿನ ಮುಂದಿನ ಹಲ್ಲನ್ನು ನಾಲಿಗೆಯಿಂದ ನೂಕಿದರು. ಹಲ್ಲು ಅತ್ತ ಹೋಯಿತು. ಹೊರಗಿನಿಂದ ತುಟಿಯಲ್ಲಿ ಒತ್ತಿದರು. ಇತ್ತ ಬಂತು.

"ಯಾಕ್ರೀ, ರೊಟ್ಟಿ ಗಟ್ಟಿ ಆಯ್ತಾ?" ಎಂದು ಸರ್ವಮಂಗಳಕ್ಕ ಒಲೆಯ ಮುಂದಿನಿಂದ ಕೇಳಿದರು.

"ಗಟ್ಟಿನೇ ಇರ್ಬೇಕು. ಎಲ್ಲಾ ಗಟ್ಟಿನೇ ಇರ್ಬೇಕು," ಎಂದು ಎದ್ದವರು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟಿದ್ದರು. ಮದುವೆಯಾದಂದಿನಿಂದ ಅವರು ಹಾಗೆ ಬಿಟ್ಟೆದ್ದದ್ದು ಅದೇ ಮೊದಲು ಎಂದು ಸರ್ವಮಂಗಳಕ್ಕ ಆಮೇಲೆ ನನ್ನ ಹತ್ತಿರ ಹೇಳಿದರು. ಈ ಕಥೆಯಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದದ್ದು ಆ ಗಂಡಹೆಂಡಿರು ಬೇರೆಬೇರೆಯಾಗಿ ನನ್ನ ಗಿರಣಿಯ ಮೆಟ್ಟಿಲ ಮೇಲೆ ಕೂತು ಹೇಳಿದ್ದು.

ಹಲ್ಲೊರೆಯ ದಿನ ಹತ್ತಿರ ಬರುತ್ತಿತ್ತು. ವರ್ಷಕ್ಕೊಮ್ಮೆ ಚಾವಡಿಯ ಮುಂದೆ ಇಡೀ ಊರು ಸೇರಿದಾಗ, ಒರೆಯ ಬಸಲಿಂಗಯ್ಯನವರು ಒಬ್ಬೊಬ್ಬ ಸದಸ್ಯರ ಮುಂದಿನ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ, ಆಮೇಲೆ ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. ಸರಿಯಾಗಿದ್ದರೆ "ನಿಂತಿದೆ" ಎನ್ನುತ್ತಾರೆ. ಇಲ್ಲದಿದ್ದರೆ ಏನೂ ಎನ್ನುವುದಿಲ್ಲ, ಮುಂದಿನವರ ಕಡೆ ಹೋಗುತ್ತಾರೆ. ಹಾಗೆ ದಾಟಿಸಿಕೊಂಡವರು ಮನೆಗೆ ಹೋಗಿ ಜಗಲಿ ಹಿಡಿಯುತ್ತಾರೆ.

ಮುರುಗೇಂದ್ರಪ್ಪನವರು ತಲೆಗೆ ಟವೆಲ್ ಹೊದ್ದುಕೊಂಡು ಹಿಂದಿನ ಬಾಗಿಲಿನಿಂದ ಡಾಕ್ಟರ್ ವಾಸಂತಿಯವರ ದವಾಖಾನೆಗೆ ಹೋದರು. ನಮ್ಮೂರಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಎಲ್ಲರೂ ಹಿಂದಿನ ಬಾಗಿಲಿನಿಂದಲೇ ಹೋಗುವುದು. ಮುಂದಿನ ಬಾಗಿಲ ಬೀಗ ತುಕ್ಕು ಹಿಡಿದಿದೆ. ವಾಸಂತಿ ಹೊರಗಿನಿಂದ ಬಂದವರು. ಬಂದ ಹೊಸತರಲ್ಲಿ ಚಾವಡಿಗೆ ಹೋಗಿ, "ಆರೋಗ್ಯವಾಗಿರೋ ಹಲ್ಲೂ ಸ್ವಲ್ಪ ಅಲುಗುತ್ತೆ, ನಿಮ್ಮ ಕಾನೂನೇ ತಪ್ಪು" ಎಂದಿದ್ದರು. ಸದಸ್ಯರು ಗಂಭೀರವಾಗಿ ಕೇಳಿ, ಅವರ ಹಲ್ಲನ್ನೇ ಹಿಡಿದು ನೋಡಿದರು. ಅದು ಸ್ವಲ್ಪ ಅಲುಗಿತು. ಅಲ್ಲಿಗೆ ಅವರ ಮಾತು ಬಿದ್ದುಹೋಯಿತು.

"ಯಾವ ಹಲ್ಲು?" ಎಂದರು ವಾಸಂತಿ.

"ನನ್ನದಲ್ಲ. ನಮ್ಮ ಸ್ನೇಹಿತರೊಬ್ಬರದು."

"ಸ್ನೇಹಿತರನ್ನ ಬಾಯಲ್ಲಿಟ್ಕೊಂಡು ಬಂದಿದೀರಾ? ತೆಗೀರಿ ಬಾಯಿ."

ನೋಡಿದರು. ಒಸಡಿನ ಕೆಳಗೆ ಗಾರೆಯಂತೆ ಕೊಳೆ ಕಟ್ಟಿತ್ತು. ಅದನ್ನು ತೆಗೆದು, ದಿನಾ ಸರಿಯಾಗಿ ಉಜ್ಜಿದರೆ ಕೆಲವು ತಿಂಗಳಲ್ಲಿ ಹಲ್ಲು ಬಿಗಿಯಾಗುತ್ತದೆ ಎಂದರು.

"ಪೂರ್ತಿ ಬಿಗಿಯಾಗುತ್ತಾ?"

"ಎಲ್ಲರ ಹಲ್ಲು ಎಷ್ಟು ಬಿಗಿ ಇರುತ್ತೋ ಅಷ್ಟು. ನೋಡಿ, ಹಲ್ಲು ಅನ್ನೋದು ಗೋಡೆಗೆ ಹೊಡೆದ ಮೊಳೆ ಅಲ್ಲ. ಬೇರಿಗೂ ದವಡೆ ಮೂಳೆಗೂ ನಡುವೆ ಒಂದು ಸಣ್ಣ ಸಂದು ಇದೆ. ಆ ಸಂದಿನ ತುಂಬ ನಾರು. ಒಂದು ತುದಿ ಬೇರಿಗೆ ಹೊಕ್ಕಿರುತ್ತೆ, ಇನ್ನೊಂದು ಮೂಳೆಗೆ. ಹಗ್ಗದ ಮಂಚ ಇದೆಯಲ್ಲ ನಿಮ್ಮನೇಲಿ? ಕೂತ್ರೆ ಒಂಚೂರು ತಗ್ಗುತ್ತೆ, ಎದ್ರೆ ಮೇಲೆ ಬರುತ್ತೆ. ಹಲ್ಲು ಕೂತಿರೋದೂ ಹಾಗೇ. ನೀವು ಕಬ್ಬು ಕಚ್ಚಿದಾಗ ಆ ಭಾರವೆಲ್ಲ ತಗೊಳ್ಳೋದು ಆ ನಾರು. ರಕ್ತ ಓಡಾಡೋದೂ ಅದರಲ್ಲೇ, ನರ ಇರೋದೂ ಅದರಲ್ಲೇ. ಅನ್ನದಲ್ಲಿ ಒಂದು ಕೂದಲಿದ್ರೂ ಹಲ್ಲಿಗೆ ಗೊತ್ತಾಗುತ್ತಲ್ಲ, ಅದು ಯಾರ ಕೆಲಸ ಅಂದ್ಕೊಂಡ್ರಿ?"

ಮುರುಗೇಂದ್ರಪ್ಪನವರ ಕಿವಿಗೆ ಬಿದ್ದದ್ದು ಒಂದೇ ಮಾತು. ಅವರು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು.

"ಅಂದ್ರೆ ಡಾಕ್ಟ್ರೇ, ನಾನು ಇಷ್ಟು ವರ್ಷ ಈ ಊರನ್ನ ಆಳಿದ್ದು ಹಗ್ಗದ ಮಂಚದ ಮೇಲೆ ಕೂತ್ಕೊಂಡಾ?"

"ಎಲ್ಲರೂ ಅದರ ಮೇಲೇ ಕೂತಿರೋದು."

"ಎಲ್ಲರ ಮಾತು ಬಿಡಿ. ಎಲ್ಲರೂ ಅಧ್ಯಕ್ಷರಲ್ಲ."

ಕೆಲವು ತಿಂಗಳು ಕಾಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ನಾರಿನ ಸುದ್ದಿ ಅವರ ಹೊಟ್ಟೆಯಲ್ಲಿ ಹುಳುವಿನ ಹಾಗೆ ಕೂತುಬಿಟ್ಟಿತು. ತನ್ನ ಬಾಯಿಯಲ್ಲಿ, ತನಗೆ ಗೊತ್ತಿಲ್ಲದೆ, ಮೆತ್ತಗಿನದೊಂದು ಇಷ್ಟು ವರ್ಷ ಇತ್ತಲ್ಲ ಎಂದು ನಾಚಿಕೆ. ಪೇಟೆಯ ಕಡೆಯಿಂದ ಡಾಕ್ಟರ್ ಪ್ರಭಂಜನ ಎಂಬವರ ಹೆಸರು ತಿಳಿದುಬಂತು. ಅವರು ಮೈಕು ಕಟ್ಟಿದ ವ್ಯಾನಿನಲ್ಲಿ ಊರೂರು ತಿರುಗುವವರು. ಹಲ್ಲನ್ನು ಕಿತ್ತು, ಬೇರಿಗಂಟಿದ ನಾರನ್ನೆಲ್ಲ ಚೆನ್ನಾಗಿ ಕೆರೆದು, ಹಲ್ಲಿದ್ದ ಗೂಡನ್ನೂ ಕೆರೆದು, ಒಂದು ಬಿಳಿಯ ಲೇಪ ಸವರಿ, ಮತ್ತೆ ಅಲ್ಲೇ ಒತ್ತಿ ಬಿಗಿಯಾಗಿ ಕಟ್ಟುತ್ತಿದ್ದರು. ಕಟ್ಟು ಬಿಚ್ಚುವ ಹೊತ್ತಿಗೆ ಮೂಳೆ ಬೇರನ್ನು ನೇರವಾಗಿ ಕಚ್ಚಿಕೊಂಡಿರುತ್ತಿತ್ತು. "ನಡುವೆ ಯಾರೂ ಇಲ್ಲ ಸಾರ್. ದಲ್ಲಾಳಿ ಇಲ್ಲದ ವ್ಯವಹಾರ," ಎಂದು ಪ್ರಭಂಜನ ವಿವರಿಸಿದರು. ಮುರುಗೇಂದ್ರಪ್ಪನವರಿಗೆ ಆ ಮಾತು ಬಹಳ ಹಿಡಿಸಿತು. ನೆಂಟರ ಊರಿಗೆ ಹೋಗುತ್ತೇನೆಂದು ಹೊರಟು, ಒಂದು ಹಲ್ಲಿಗೆ ಹೋದವರು ಮುಂದಿನ ಸಾಲನ್ನೂ ಎರಡು ಕಡೆಯ ದವಡೆಯನ್ನೂ ಮಾಡಿಸಿಕೊಂಡು ಬಂದರು. ಅಧ್ಯಕ್ಷರಾದವರಿಗೆ ಒಂದೇ ಹಲ್ಲು ಸಾಕೇ?

ಹಲ್ಲೊರೆಯ ದಿನ ಬಸಲಿಂಗಯ್ಯನವರು ಅವರ ಮುಂದಿನ ಹಲ್ಲನ್ನು ಹಿಡಿದು ಅಲುಗಿಸಿದರು. ಬಂಡೆ ಅಲುಗಿಸಿದ ಹಾಗಾಯಿತು. ಕಡ್ಡಿಯಿಂದ ತಟ್ಟಿದರು.

ಟಣ್!

ಬಸಲಿಂಗಯ್ಯನವರ ಕೈಯಿಂದ ಕಡ್ಡಿ ಜಾರಿತು. ಗಟ್ಟಿ ಹಲ್ಲು ತಟ್ಟಿದರೆ "ಡಬ್" ಎನ್ನುವುದು, ಒದ್ದೆ ಮಣ್ಣಿನ ಮೇಲೆ ಬೆರಳು ಬಡಿದ ಹಾಗೆ. ಅವರು ಕೇಳಿದ್ದೆಲ್ಲ ಅದೇ ಸದ್ದು. ಇದು ಪೂಜೆಯ ಗಂಟೆಯ ಹಾಗೆ ಮೊಳಗಿತ್ತು. ಇಡೀ ಊರು ಕತ್ತು ಉದ್ದ ಮಾಡಿ ನೋಡಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

"ಇದು ಸರಿ ಇಲ್ಲ," ಎಂದು ಬಸಲಿಂಗಯ್ಯ ತಡವರಿಸಿದರು. "ನಮ್ಮ ತಾತನ ಕಾಲದಿಂದ ಒಳ್ಳೆ ಹಲ್ಲು ಡಬ್ ಅಂತಲೇ ಅಂದಿರೋದು."

ಆದರೆ ಬಸಲಿಂಗಯ್ಯನವರ ಸ್ವಂತ ಬಾಯಿಯಲ್ಲಿ ಒಂದೂ ಹಲ್ಲಿರಲಿಲ್ಲ. ಹಾಗಾಗಿ ಅವರು ಏನೂ ಹೇಳಲಿಲ್ಲವೆಂದೇ ಲೆಕ್ಕ.

ಮುಂದಿನ ಸಭೆಯಲ್ಲೇ ಹೊಸ ಕಾನೂನು ಬಂತು. ಅಲುಗದಿದ್ದರೆ ಸಾಲದು, ಟಣ್ ಎನ್ನಬೇಕು. ಎನ್ನದವರಿಗೆ ಊರಿನ ವಿಷಯದಲ್ಲಿ ಮಾತಿಲ್ಲ. ಸದಸ್ಯರೆಲ್ಲ ಪ್ರಭಂಜನರ ವ್ಯಾನಿನ ಮುಂದೆ ಸಾಲುಗಟ್ಟಿದರು. ಸಾಹುಕಾರರು ಮಾಡಿಸಿಕೊಂಡರು, ಪಡಸಾಲೆಯಲ್ಲಿ ಕೂತು ಒಬ್ಬರ ಹಲ್ಲನ್ನೊಬ್ಬರು ಚಮಚೆಯಿಂದ ತಟ್ಟಿ ಕೇಳಿಸಿಕೊಂಡು ಸಂತೋಷಪಟ್ಟರು. ಇಡೀ ಜನ್ಮದಲ್ಲಿ ಹಲ್ಲುನೋವು ಕಾಣದ ನಮ್ಮಂಥವರು ಡಬ್ಬಿನವರಾದೆವು. ಪುಣ್ಯಕ್ಕೆ ನನ್ನ ಗಿರಣಿಗೆ ಅದರಿಂದ ತೊಂದರೆಯಾಗಲಿಲ್ಲ. ಹಿಟ್ಟು ಬೀಸಲು ಮಾತು ಬೇಡ.

ಮನೆಯಲ್ಲಿ ಮಾತ್ರ ಬೇರೆಯೇ ನಡೆಯುತ್ತಿತ್ತು. ಮುರುಗೇಂದ್ರಪ್ಪನವರು ಮೊದಲ ಸಲ ರೊಟ್ಟಿಗೆ ಕೂತಾಗ ಸದ್ದೇನೋ ಭರ್ಜರಿಯಾಗಿ ಬಂತು. ಆದರೆ ರೊಟ್ಟಿ ಸಿಗಲಿಲ್ಲ. ಅಗಿಯುತ್ತಿದ್ದಾರೆ, ನುಂಗುತ್ತಿದ್ದಾರೆ, ನಡುವೆ ಹಲ್ಲಿಗೆ ಏನೂ ತಿಳಿಯುತ್ತಿಲ್ಲ. ಯಾರೋ ಪಕ್ಕದ ಕೋಣೆಯಲ್ಲಿ ಕೂತು ಅವರ ಪರವಾಗಿ ಊಟ ಮಾಡಿದ ಹಾಗೆ. ಎಷ್ಟು ಜೋರಾಗಿ ಕಚ್ಚಬೇಕೆನ್ನುವುದೂ ಗೊತ್ತಾಗದೆ, ಬಾಳೆಹಣ್ಣಿಗೂ ಕಬ್ಬಿಗೂ ಒಂದೇ ಬಲ ಬಿಡುತ್ತಿದ್ದರು. ಕೆನ್ನೆಯ ಒಳಗೆಲ್ಲ ಕಚ್ಚಿದ ಗಾಯ.

"ಹೆಂಗಿದೆ ರೊಟ್ಟಿ?" ಎಂದು ಸರ್ವಮಂಗಳಕ್ಕ ಕೇಳುತ್ತಿದ್ದರು.

"ಹೆಂಗಿದೆ ಅಂದ್ರೆ? ರೊಟ್ಟಿ ಇದ್ದಂಗಿದೆ."

ಒಂದು ದಿನ ಹೆಂಡತಿ ರೊಟ್ಟಿಯ ಕೆಳಗೆ ಬಾಳೆಯೆಲೆಯ ತುಂಡೊಂದನ್ನು ಬೇಕೆಂದೇ ಇಟ್ಟು ಕೊಟ್ಟರು. ಗಂಡ ಅದನ್ನೂ ಸೇರಿಸಿ ಅಗಿದು ನುಂಗಿ ನೀರು ಕುಡಿದರು. ಸರ್ವಮಂಗಳಕ್ಕನಿಗೆ ನಗು ಬರಬೇಕಾಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರಂತೆ.

ಅವರಿಗೊಬ್ಬಳು ಮಗಳು, ಕಾತ್ಯಾಯಿನಿ. ಹದಿಮೂರು ತುಂಬಿತ್ತು. ಮಾತೆಂದರೆ ಮಾತು. ಶಾಲೆಯಲ್ಲಿ ಲೆಕ್ಕ ತಪ್ಪು ಮಾಡಿದ ಮೇಷ್ಟ್ರನ್ನೇ ನಿಲ್ಲಿಸಿ ಕೇಳಿದವಳು. ಮುರುಗೇಂದ್ರಪ್ಪನವರಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ. ಅವರು ಮಾಡಹೊರಟದ್ದು ಆ ಪ್ರೀತಿಯಿಂದಲೇ.

"ಈ ಊರಲ್ಲಿ ಹೆಣ್ಣುಮಕ್ಕಳ ಮಾತು ಯಾರು ಕೇಳ್ತಾರೆ ಹೇಳು? ಇವಳದು ಟಣ್ ಅಂದ್ರೆ ಕೇಳ್ಲೇಬೇಕು. ಚಾವಡೀಲಿ ಕೂರೋ ಮೊದಲ ಹೆಣ್ಣುಮಗಳು ನನ್ನ ಮಗಳಾಗ್ಬೇಕು," ಎಂದರು. ಊರ ಮುಂದೆಯೇ, ವೇದಿಕೆಯ ಮೇಲೆಯೇ ಮಾಡಿಸುವುದೆಂದು ಚಾವಡಿಯಲ್ಲಿ ಠರಾವೂ ಆಯಿತು.

"ನಂಗೆ ಮಾತಾಡಕ್ಕೆ ಹಲ್ಲ್ಯಾಕೆ ಅಪ್ಪಾಜಿ? ನಾಲಿಗೆ ಇದೆಯಲ್ಲ," ಎಂದಳು ಕಾತ್ಯಾಯಿನಿ.

ಸರ್ವಮಂಗಳಕ್ಕ ವಾಸಂತಿಯವರ ಹತ್ತಿರ ಓಡಿದರು. ವಾಸಂತಿ ಹೇಳಿದ್ದು ಇಷ್ಟು: ಹುಡುಗಿಯ ದವಡೆ ಇನ್ನೂ ಬೆಳೆಯುತ್ತಿದೆ. ಮೂಳೆ ಬೆಳೆದಂತೆ ಹಲ್ಲುಗಳೂ ಅದರ ಜೊತೆ ಹೊರಗೆ ಬರುತ್ತವೆ, ಹಾಗೆ ಜೊತೆಯಲ್ಲಿ ಕರೆದುಕೊಂಡು ಬರುವುದು ಆ ನಾರು. ಅದಿಲ್ಲದೆ ಮೂಳೆಗೆ ಅಂಟಿದ ಹಲ್ಲು ಅಲ್ಲೇ ಉಳಿಯುತ್ತದೆ. ಅಕ್ಕಪಕ್ಕದವು ಮುಂದೆ ಹೋಗುತ್ತವೆ, ಅದು ಹೂತುಹೋದ ಹಾಗೆ ಕಾಣುತ್ತದೆ. ಆಮೇಲೆ ಮೂಳೆ ಮೆಲ್ಲಮೆಲ್ಲಗೆ ಬೇರನ್ನೇ ತಿಂದುಹಾಕುತ್ತದೆ. ಹೊರಗೆ ಬಂದ ಹಲ್ಲಿನ ನಾರು ಬದುಕಬೇಕೆಂದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಸಿ ಹಾಲಿನಲ್ಲಿಟ್ಟು ಬೇಗ ತರಬೇಕು.

ಸರ್ವಮಂಗಳಕ್ಕ ಬಂದು ಗಂಡನಿಗೆ ಒಂದಕ್ಷರ ಬಿಡದೆ ಹೇಳಿದರು. ಮುರುಗೇಂದ್ರಪ್ಪನವರು ಪೂರ್ತಿ ಕೇಳಿದರು. ಕೇಳಿ, ಊಟದ ಚಮಚೆ ಎತ್ತಿ ಹೆಂಡತಿಯ ಹಲ್ಲನ್ನು ಮೆಲ್ಲಗೆ ತಟ್ಟಿದರು.

"ಡಬ್," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಕಾನೂನು ಹೇಳುವವರ ಹಾಗೆ ಹೇಳಿದರು.

ಸರ್ವಮಂಗಳಕ್ಕ ಆ ಚಮಚೆಯನ್ನು ಗಂಡನ ಕೈಯಿಂದ ತೆಗೆದುಕೊಂಡು ತೊಳೆದಿಟ್ಟರು. ಅವತ್ತಿನಿಂದ ಅವರು ಆ ಮನೆಯಲ್ಲಿ ಮಾತು ನಿಲ್ಲಿಸಿದರು. ಅನ್ನ ಇಡುತ್ತಿದ್ದರು, ನೀರು ಕೊಡುತ್ತಿದ್ದರು, ಬಟ್ಟೆ ಮಡಿಸುತ್ತಿದ್ದರು. ಕಾಫಿಗೆ ಸಕ್ಕರೆ ಸಾಕೇ ಎಂದು ಕೂಡ ಕೇಳುತ್ತಿರಲಿಲ್ಲ. ಇಂಥದೊಂದು ಉತ್ತರಕ್ಕೆ ಕಾನೂನಿನಲ್ಲಿ ಏನು ಮಾಡಬೇಕೆಂದು ಬರೆದಿರಲಿಲ್ಲವಾದ್ದರಿಂದ ಅಧ್ಯಕ್ಷರು ಗೊಂದಲದಲ್ಲೇ ಓಡಾಡಿದರು.

ಆ ದಿನ ಚಾವಡಿಯ ಮುಂದೆ ಶಾಮಿಯಾನ ಹಾಕಿದ್ದರು. ವೇದಿಕೆಯ ಮೇಲೆ ಪ್ರಭಂಜನರ ಕುರ್ಚಿ, ಪಕ್ಕದಲ್ಲಿ ಸಲಕರಣೆಗಳ ತಟ್ಟೆ. ಮೊದಲು ಅಧ್ಯಕ್ಷರು ವಾಡಿಕೆಯಂತೆ ಕಬ್ಬು ಸಿಗಿಯಬೇಕಿತ್ತು. ಮುರುಗೇಂದ್ರಪ್ಪನವರು ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಒಳ್ಳೆಯ ದಪ್ಪನೆಯ ಕಬ್ಬನ್ನು ಬಾಯಿಗಿಟ್ಟರು. ಮೊದಲಾದರೆ ಗಿಣ್ಣು ಬಂದಕೂಡಲೇ ಬಾಯಿ ತಾನಾಗಿ ಸಡಿಲವಾಗುತ್ತಿತ್ತು, ಅವರು ಕಬ್ಬನ್ನು ತಿರುಗಿಸಿಕೊಳ್ಳುತ್ತಿದ್ದರು. ಈಗ ಗಿಣ್ಣು ಬಂದದ್ದೂ ಗೊತ್ತಾಗಲಿಲ್ಲ. ಪೂರ್ತಿ ಬಲ ಹಾಕಿ ಒಂದೇ ಏಟಿಗೆ ಕಚ್ಚಿ ಎಳೆದರು.

ಲಟಕ್ ಎಂದಿತು. ಜನ ಕಬ್ಬು ಮುರಿಯಿತೆಂದು ಚಪ್ಪಾಳೆ ತಟ್ಟಿದರು. ಮುರುಗೇಂದ್ರಪ್ಪನವರೂ ನಗುತ್ತಾ ಕಬ್ಬನ್ನು ಮೇಲೆತ್ತಿ ತೋರಿಸಿದರು. ಆಗ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. ಅವರ ಮುಂದಿನ ಹಲ್ಲು ಕಬ್ಬಿನಲ್ಲಿ ನೆಟ್ಟುಕೊಂಡಿತ್ತು.

ಅವರು ಕಬ್ಬನ್ನು ನೋಡಿದರು. ಬಾಯಿಗೆ ಬೆರಳಿಟ್ಟು ನೋಡಿಕೊಂಡರು. ನೋವಾಗಿರಲಿಲ್ಲ. ಹಲ್ಲು ಹೋದದ್ದನ್ನು ಅವರು ಊರಿನವರಿಗಿಂತ ತಡವಾಗಿ ತಿಳಿದುಕೊಂಡಿದ್ದರು. ಆ ಹೆದರಿಕೆ ಎಂಥದೆಂದು ಅವರು ಆಮೇಲೆ ನನಗೆ ಹೇಳಲು ಎಷ್ಟೋ ಸಲ ಪ್ರಯತ್ನಿಸಿದರು. "ನನ್ನ ಮನೆ ಸುಟ್ಟೋಗಿದ್ದನ್ನ ಬೇರೆಯವರು ಬಂದು ಹೇಳಿದಂಗೆ ಪರಮೇಶಿ," ಎನ್ನುತ್ತಿದ್ದರು.

ವೇದಿಕೆಯ ಮೇಲೆ ಅವರ ಕಣ್ಣು ಮಗಳ ಕಡೆ ಹೋಯಿತು. "ಬೇಡ," ಎಂದರು. "ಅವಳಿಗೆ ಬೇಡ. ನಿಲ್ಸಿ."

ಉಪಾಧ್ಯಕ್ಷ ಶಂಭುಲಿಂಗಪ್ಪನವರು ಎದ್ದು ನಿಂತರು. ಹುಟ್ಟಿದಾಗಿನಿಂದ ಗಂಜಿ ಕುಡಿದು ಬೆಳೆದ ಮನುಷ್ಯ. ಈ ಗಳಿಗೆಗಾಗಿಯೇ ಎಷ್ಟೋ ವರ್ಷದಿಂದ ಕುಡಿಯುತ್ತಿದ್ದರು. "ಅಧ್ಯಕ್ಷರ ಮುಂದಿನ ಹಲ್ಲು ಹೋಗಿರೋದ್ರಿಂದ, ಅವರೇ ಮಾಡಿದ ಕಾನೂನಿನ ಪ್ರಕಾರ ಅವರೀಗ ಏನೂ ಹೇಳಿಲ್ಲ. ಠರಾವು ಠರಾವೇ. ಡಾಕ್ಟ್ರೇ, ನಡೀಲಿ," ಎಂದರು.

"ನನ್ನ ಮಗಳು ಕಣ್ರೋ!" ಎಂದು ಮುರುಗೇಂದ್ರಪ್ಪನವರು ಕೂಗಿದರು. ಹಲ್ಲಿಲ್ಲದ ಸಂದಿನಲ್ಲಿ ಗಾಳಿ ನುಗ್ಗಿ ಮಾತು ಪುಸಪುಸ ಎಂದಿತು. ನಾಲ್ಕಾರು ಜನ ನಕ್ಕರು. ಅವರ ಕೈಯಿಂದಲೇ ನಾನಾ ಉಪಕಾರ ಪಡೆದವರು ಅವರೆಲ್ಲ.

ಪ್ರಭಂಜನರ ಇಬ್ಬರು ಆಳುಗಳು ಕಾತ್ಯಾಯಿನಿಯ ತೋಳು ಹಿಡಿದರು. ಅವಳು ಒಬ್ಬನ ಕೈಯನ್ನು ಕಚ್ಚಿ, ಬಿಡಿಸಿಕೊಂಡು, ವೇದಿಕೆಯ ಅಂಚಿಗೆ ಓಡಿ ನೆಗೆದಳು. ಲಂಗ ಕಾಲಿಗೆ ತೊಡರಿತು. ಚಾವಡಿಯ ಕಲ್ಲುಮೆಟ್ಟಿಲಿಗೆ ಮುಖ ಕೊಟ್ಟು ಬಿದ್ದಳು.

ಎದ್ದಾಗ ಬಾಯಿ ತುಂಬ ರಕ್ತ. ಮೇಲಿನ ಮುಂದಿನ ಹಲ್ಲೊಂದು ಬೇರು ಸಮೇತ ಮಣ್ಣಿನಲ್ಲಿ ಬಿದ್ದಿತ್ತು.

"ಒಳ್ಳೇದೇ ಆಯ್ತು, ಕೀಳೋ ಕೆಲಸ ಉಳೀತು," ಎಂದರು ಪ್ರಭಂಜನ. ಆಳು ಹಲ್ಲನ್ನು ಎತ್ತಿಕೊಂಡು ತಟ್ಟೆಯಲ್ಲಿದ್ದ ಗಡುಸು ಬ್ರಷ್ಷಿಗೆ ಕೈ ಹಾಕಿದ.

"ಉಜ್ಜಬೇಡ!"

ಅಷ್ಟು ದಿನ ಬಾಯಿ ತೆರೆಯದಿದ್ದ ಸರ್ವಮಂಗಳಕ್ಕನ ದನಿ ಅದು. ಅವರು ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಬಂದರು. "ಬೇರು ಮುಟ್ಟಬೇಡ. ಕೊಡಿಲ್ಲಿ."

"ಇವರಿಗೆ ಮಾತಿಲ್ಲ," ಎಂದರು ಶಂಭುಲಿಂಗಪ್ಪ.

"ನಾನು ನಿಮ್ಮತ್ರ ಮಾತಾಡ್ತಿಲ್ಲ," ಎಂದು ಸರ್ವಮಂಗಳಕ್ಕ ಗಂಡನ ಕಡೆ ತಿರುಗಿದರು. "ಏನ್ರೀ ನೋಡ್ತಾ ನಿಂತಿದೀರಿ? ಕಿತ್ಕೊಳ್ಳಿ!"

ಮುರುಗೇಂದ್ರಪ್ಪನವರು ವೇದಿಕೆಯಿಂದ ಧುಮುಕಿ ಆಳಿನ ಮಣಿಕಟ್ಟು ಹಿಡಿದು ತಿರುಚಿದರು. ಹಲ್ಲು ಅವರ ಅಂಗೈಗೆ ಬಿತ್ತು. ಮೇಲಿನ ಬಿಳಿಯ ಭಾಗವನ್ನು ಮಾತ್ರ ಎರಡು ಬೆರಳಲ್ಲಿ ಹಿಡಿಯುವಂತೆ ಹೆಂಡತಿ ತೋರಿಸಿದರು. ಬೇರಿನ ಸುತ್ತ ಒದ್ದೆಯಾದ, ಕೆಂಪನೆಯ, ಏನೋ ಮೃದುವಾದದ್ದು ಅಲ್ಲಲ್ಲಿ ಅಂಟಿಕೊಂಡಿತ್ತು. ಎಳೆ ಎಳೆಯಾಗಿ. ಯಾವುದರ ಹೆಸರು ಕೇಳಿ ಅವರು ನಾಚಿ ಸತ್ತಿದ್ದರೋ, ಅದು.

"ಪರಮೇಶಣ್ಣ, ಹಾಲು!" ಎಂದು ಸರ್ವಮಂಗಳಕ್ಕ ನನ್ನನ್ನು ನೋಡಿ ಕೂಗಿದರು. ನಾನು ಎದುರಿನ ಹೋಟೆಲಿಗೆ ನುಗ್ಗಿ, ಕಾಯಿಸದ ತಣ್ಣನೆಯ ಹಾಲನ್ನು ಲೋಟದಲ್ಲಿ ಹಿಡಿದು ತಂದೆ. ಹಲ್ಲು ಅದರೊಳಗೆ ಮುಳುಗಿತು. ಹಿಂದಿನಿಂದ ಶಂಭುಲಿಂಗಪ್ಪನವರು, "ಸಭೆ ಮುಗಿದಿಲ್ಲ! ಯಾರೂ ಏಳೋ ಹಾಗಿಲ್ಲ!" ಎಂದು ಕೂಗುತ್ತಿದ್ದರು. ನಾವು ಓಡಿದೆವು. ಮುಂದೆ ಸರ್ವಮಂಗಳಕ್ಕ ಮಗಳನ್ನು ತಬ್ಬಿಕೊಂಡು, ಹಿಂದೆ ಮುರುಗೇಂದ್ರಪ್ಪನವರು ಲೋಟದ ಮೇಲೆ ಅಂಗೈ ಮುಚ್ಚಿಕೊಂಡು. ವಾಸಂತಿಯವರ ಮುಂದಿನ ಬಾಗಿಲನ್ನು ಅವರು ಒದ್ದ ಏಟಿಗೆ ತುಕ್ಕು ಹಿಡಿದ ಬೀಗ ಕಿತ್ತು ಬಂತು.

ವಾಸಂತಿ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಹಲ್ಲನ್ನು ಮೆಲ್ಲಗೆ ಜಾಲಿಸಿ, ಗೂಡಿನಲ್ಲಿದ್ದ ರಕ್ತದ ಗಡ್ಡೆಯನ್ನು ತೊಳೆದು, ಹಲ್ಲನ್ನು ಹೆಬ್ಬೆರಳಿನಿಂದ ನಿಧಾನವಾಗಿ ಒಳಗೆ ಒತ್ತಿದರು. ಕಾತ್ಯಾಯಿನಿ ಅಪ್ಪನ ಬೆರಳುಗಳನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಒಂದು ತೆಳ್ಳನೆಯ ತಂತಿ ಅಂಟಿಸಿದರು.

"ಇನ್ನೂ ದಪ್ಪ ತಂತಿ ಹಾಕಿ ಡಾಕ್ಟ್ರೇ. ಬಿಗಿಯಾಗಿ ಕಟ್ಟಿ," ಎಂದರು ಮುರುಗೇಂದ್ರಪ್ಪನವರು.

"ಬಿಗಿ ಕಟ್ಟಿದ್ರೆ ಮೂಳೆಗೆ ಅಂಟ್ಕೊಂಡುಬಿಡುತ್ತೆ. ಒಂಚೂರು ಅಲ್ಲಾಡೋಕೆ ಬಿಡ್ಬೇಕು. ಅಲ್ಲಾಡಿದ್ರೇನೇ ನಾರು ಮತ್ತೆ ಕೂಡ್ಕೊಳ್ಳೋದು."

"ಕೂಡ್ಕೊಳ್ಳುತ್ತಾ?"

"ಗೊತ್ತಿಲ್ಲ. ಬೇಗ ತಂದಿದೀರಿ, ಹಾಲಲ್ಲಿ ತಂದಿದೀರಿ. ನಾರಿನಲ್ಲಿ ಜೀವ ಉಳಿದಿದ್ರೆ ಕೂಡ್ಕೊಳ್ಳುತ್ತೆ. ಸತ್ತಿದ್ರೆ ಇನ್ನು ಕೆಲವು ತಿಂಗಳಲ್ಲಿ ತಟ್ಟಿದಾಗ ಟಣ್ ಅನ್ನುತ್ತೆ."

ತಂತಿ ಬಿಚ್ಚಿದ ಮೇಲೆ ಆ ಮನೆಯಲ್ಲಿ ಶುರುವಾದ ಕಾಟ ನನಗೆ ಗೊತ್ತು. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಹಲ್ಲಿನ ಬೇರಿನೊಳಗಿನ ತಿರುಳಿಗೆ ವಾಸಂತಿ ಬೇರೆ ಚಿಕಿತ್ಸೆ ಮಾಡಿದರು, ಅದು ಮುಗಿಯಿತು. ಆದರೆ ಪ್ರತಿದಿನ ಬೆಳಿಗ್ಗೆ ಸರ್ವಮಂಗಳಕ್ಕ ಚಮಚೆ ಹಿಡಿದು ಮಗಳನ್ನು ಕರೆಯುತ್ತಿದ್ದರು. ಊರಿಗೆಲ್ಲ ಟಣ್ ಎನ್ನುವ ಕಾನೂನು ತಂದ ಮನುಷ್ಯ ಬಚ್ಚಲಮನೆಯ ಬಾಗಿಲ ಹಿಂದೆ ನಿಂತು, ಆ ಸದ್ದು ಬಾರದಿರಲೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು.

"ಏನಂತು?" ಎಂದು ಒಳಗಿನಿಂದ ಕೇಳುತ್ತಿದ್ದರು.

"ಡಬ್ ಅಂತು. ಬನ್ನಿ ಆಚೆ."

ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತು ಮತ್ತೆ ಶುರುವಾದದ್ದು ಆ ಒಂದು ಪ್ರಶ್ನೆ, ಒಂದು ಉತ್ತರದಿಂದ. ಮೊದಮೊದಲು ಅಷ್ಟೇ ಇತ್ತು. ಆಮೇಲೆ ಕಾಫಿಯ ಸಕ್ಕರೆಯವರೆಗೂ ಬಂತು.

ಚಾವಡಿಯ ಕಥೆ ಹೇಳದಿದ್ದರೆ ನೀವು ಕೇಳುತ್ತೀರಿ. ಶಂಭುಲಿಂಗಪ್ಪನವರು ಅಧ್ಯಕ್ಷರಾದರು. ಪ್ರಭಂಜನ ವ್ಯಾನು ಸಮೇತ ಬೇರೆ ಊರು ನೋಡಿಕೊಂಡರು. ಸದಸ್ಯರ ಹಲ್ಲುಗಳು ಒಂದೊಂದಾಗಿ ಮುರಿಯತೊಡಗಿದವು. ಒಬ್ಬರದು ಮಂಡಕ್ಕಿಯೊಳಗಿನ ಕಲ್ಲಿಗೆ, ಇನ್ನೊಬ್ಬರದು ಪ್ರಸಾದದ ಕೊಬ್ಬರಿಗೆ, ಮತ್ತೊಬ್ಬರದು ಬರೀ ಆಕಳಿಕೆಗೆ. ಊರಿನಲ್ಲಿ ಮಾತುಳ್ಳವರೇ ಇಲ್ಲದಂತಾಗುವ ಹೊತ್ತು ಬಂದಾಗ ಕಾನೂನಿಗೆ ತಿದ್ದುಪಡಿಯಾಯಿತು. ಮುರಿದ ಹಲ್ಲನ್ನು ಬೆಳ್ಳಿ ಡಬ್ಬಿಯಲ್ಲಿಟ್ಟು ತಂದರೆ ಸಾಕು. ಡಬ್ಬಿ ಅಲ್ಲಾಡಿಸಿದಾಗ ಟಣ್ ಎಂದರೆ ಅದು ಅವರ ಮಾತು. ಈಗ ಸಭೆಗಳು ಬಹಳ ಚೆನ್ನಾಗಿ ನಡೆಯುತ್ತವೆ. ಯಾರೂ ಬಾಯಿ ಬಿಡುವುದೇ ಇಲ್ಲ. ಎಲ್ಲರೂ ಡಬ್ಬಿ ಅಲ್ಲಾಡಿಸುತ್ತಾರೆ, ಠರಾವು ಪಾಸಾಗುತ್ತದೆ. ಬಸಲಿಂಗಯ್ಯನವರು ಕಡ್ಡಿಯನ್ನು ಮೊಮ್ಮಗಳಿಗೆ ಜಡೆಗೆ ಸಿಕ್ಕಿಸಿಕೊಳ್ಳಲು ಕೊಟ್ಟಿದ್ದಾರೆ.

ಮುರುಗೇಂದ್ರಪ್ಪನವರ ಬಾಯಿಯಲ್ಲಿ ಈಗ ಹೆಚ್ಚೇನೂ ಉಳಿದಿಲ್ಲ. ದವಡೆಯ ಹಲ್ಲುಗಳು ಒಂದಾದ ಮೇಲೊಂದು ಹೋದವು. ಕೊನೆಯಲ್ಲೊಂದು, ಗಂಟಲ ಹತ್ತಿರ, ಪ್ರಭಂಜನರ ಇಕ್ಕಳಕ್ಕೆ ಎಟುಕದೆ ಉಳಿದುಕೊಂಡಿದೆ. ನಾರು ಉಳಿದ, ಅವರ ಸ್ವಂತದ್ದೆಂದರೆ ಅದೊಂದೇ.

ಹೋದ ವಾರ ಸಂಜೆ ಅವರು ಮೂವರೂ ನನ್ನ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದರು. ಜೋಳ ಬೀಸಿಯಾಗುವವರೆಗೆ ತಿನ್ನಲೆಂದು ನಾನು ಸೀಬೆಹಣ್ಣು ಕೊಟ್ಟೆ. ಕಾತ್ಯಾಯಿನಿ ಒಂದನ್ನು ಮುಂದಿನ ಹಲ್ಲಿನಿಂದಲೇ ಕಚ್ಚಿದಳು. ಅದೇ ಹಲ್ಲಿನಿಂದ. ಅವಳು ಅಗಿಯುವುದನ್ನು ತಟ್ಟನೆ ನಿಲ್ಲಿಸಿದಳು.

"ಏನಾಯ್ತೇ?" ಎಂದರು ತಾಯಿ ಗಾಬರಿಯಿಂದ.

"ಬೀಜ ಸಿಕ್ತು. ಈ ಹಲ್ಲಿಗೇ ಸಿಕ್ತು."

"ಗೊತ್ತಾಯ್ತಾ?" ಎಂದರು ಮುರುಗೇಂದ್ರಪ್ಪನವರು. ಅವರು ಮಗಳ ಕಡೆ ಬಗ್ಗಿದ್ದರು. "ಎಷ್ಟು ದೊಡ್ಡದು? ಗುಂಡಗಿದೆಯಾ?"

"ಸಣ್ಣದು. ಒಂದು ಕಡೆ ಚೂಪು. ಗಟ್ಟಿ ಇದೆ ಅಪ್ಪಾಜಿ, ಒಡೆಯಲ್ಲ."

ಅವರು ಕೈ ಚಾಚಿದರು. ಅವಳು ಹಣ್ಣಿನ ಅರ್ಧ ಮುರಿದು ಕೊಟ್ಟಳು. ಅವರು ಒಂದು ಚೂರನ್ನು ಬಾಯಿಗಿಟ್ಟು, ನಾಲಿಗೆಯಿಂದ ನೂಕಿ ನೂಕಿ ಹಿಂದಿನ ಆ ಒಂಟಿ ಹಲ್ಲಿನವರೆಗೆ ಸಾಗಿಸಿದರು. ಕಣ್ಣು ಮುಚ್ಚಿಕೊಂಡರು. ಗಿರಣಿ ತಿರುಗುತ್ತಿತ್ತು, ಸರ್ವಮಂಗಳಕ್ಕ ಏನೋ ಹೇಳಲು ಬಾಯಿ ತೆರೆದರು.

"ಒಂದ್ನಿಮಿಷ," ಎಂದರು ಮುರುಗೇಂದ್ರಪ್ಪನವರು, ಕಣ್ಣು ಬಿಡದೆ. "ಒಂದ್ನಿಮಿಷ ಗಿರಣಿ ನಿಲ್ಸು ಪರಮೇಶಿ."

ನಾನು ನಿಲ್ಲಿಸಿದೆ.